ತಾಳಿ ಒಂದೇ ಸಲ ಕಟ್ಟೋದು

ನಿನ್ನೆ ಚಿಕ್ಕಬಳ್ಳಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಇನ್ನೂ ಸಿಟ್ಟು ಇಳಿದಿಲ್ಲ.

ಗಟ್ಟಿಮೇಳ ಆಯಿತು. ಹುಡುಗ ತಾಳಿ ಕಟ್ಟಿದ. ಎಲ್ಲರೂ ಅಕ್ಷತೆ ಹಾಕಿದೆವು. ಅಷ್ಟರಲ್ಲಿ ಫೋಟೋಗ್ರಾಫರ್ ಕ್ಯಾಮೆರಾದ ಸ್ಕ್ರೀನ್ ನೋಡಿಕೊಂಡು, "ಸರ್, ಕೈ ಅಡ್ಡ ಬಂದಿದೆ, ಇನ್ನೊಂದ್ಸಲ ಕಟ್ಟೋ ಥರ ಹಿಡ್ಕೊಳ್ಳಿ" ಅಂದ. ಹುಡುಗ ಹಿಡಿದುಕೊಂಡ. ಪುರೋಹಿತರು ಮಂತ್ರ ನಿಲ್ಲಿಸಿ ಕೂತರು. ಹುಡುಗಿಯ ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರಿಗೂ "ಅಮ್ಮಾ, ಸ್ಮೈಲ್" ಅಂತೆ!

ನಾನು ಅಪ್ಪನ ಫೋಟೋ ಸ್ಟುಡಿಯೋದಲ್ಲೇ ಬೆಳೆದವನು. ತುಮಕೂರಿನ ಸುತ್ತಮುತ್ತ ಅಪ್ಪ ಮದುವೆಗೆ ಹೊರಟರೆ ಫ್ಲ್ಯಾಶ್ ಹಿಡಿಯೋದು ನನ್ನ ಕೆಲಸ. ಆಗ ಒಂದು ಫಿಲ್ಮ್ ರೋಲ್‌ಗೆ 36 ಫೋಟೋ. ಯಾಶಿಕಾ ಕ್ಯಾಮೆರಾದ ದೊಡ್ಡ ರೋಲ್ ಆದರೆ ಬರೀ 12. ಮುಹೂರ್ತದ ಹೊತ್ತಿಗೆ ರೋಲ್ ಮುಗಿದುಹೋದರೆ ಕಷ್ಟ ಅಂತ, ಐದಾರು ಉಳಿದಿದ್ದರೂ ಅಪ್ಪ ಹೊಸದು ಹಾಕಿಬಿಡುತ್ತಿದ್ದರು. ಆಮೇಲೆ ಮಂಟಪದ ಕಂಬದ ಪಕ್ಕ ಸುಮ್ನೆ ನಿಲ್ಲೋರು. ಕಣ್ಣೆಲ್ಲ ಹುಡುಗನ ಕೈ ಮೇಲೆ. ಫ್ಲ್ಯಾಶ್ ಮತ್ತೆ ಚಾರ್ಜ್ ಆಗೋಕೆ ಹೊತ್ತು ಬೇಕಿತ್ತಲ್ಲ, ಮೂರು ಗಂಟಿಗೆ ಒಂದೋ ಎರಡೋ ಕ್ಲಿಕ್. ಅಷ್ಟೇ.

ಕಾಲ ಬದಲಾಗಿದೆ ಅಂತೀರಿ. ಗೊತ್ತು. ರೋಲ್ ಮಾರುತ್ತಿದ್ದ ಕೊಡಾಕ್‌ನಲ್ಲೇ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು. ಅದೇ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ರೋಲ್ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಶಿರಾ ಕಡೆಯ ಒಂದು ಮದುವೆಯಲ್ಲಿ ರೋಲ್ ಕ್ಯಾಮೆರಾ ಒಳಗಿನ ಹಲ್ಲಿಗೆ ಕಚ್ಚಿಕೊಂಡಿರಲಿಲ್ಲ, ಮುಂದಕ್ಕೆ ಓಡಲೇ ಇಲ್ಲ. ಅಷ್ಟೂ ಕ್ಲಿಕ್ ಆಯಿತು, ಒಂದೂ ಬರಲಿಲ್ಲ. ಆ ಮನೆ ಬಾಗಿಲಲ್ಲಿ ಅಪ್ಪ ಕೈ ಮುಗಿದು ನಿಂತಿದ್ದರು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ಪ್ರತಿ ಸಲ ರೋಲ್ ಮುಂದಕ್ಕೆ ತಳ್ಳೋ ಲಿವರ್ ಎಳೆದಾಗಲೂ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯಾ ಅಂತ ನೋಡೋರು; ಅದು ತಿರುಗಿದರೆ ರೋಲ್ ಓಡುತ್ತಿದೆ ಅಂತ ಅರ್ಥ.

ಈಗ ಆ ಭಯ ಇಲ್ಲ. ಕಾರ್ಡ್‌ನಲ್ಲಿ ಸಾವಿರಾರು ಫೋಟೋಗೆ ಜಾಗ ಇದೆ. ಒಂದು ಸೆಕೆಂಡಿಗೆ ಎಂಟ್ಹತ್ತು ತೆಗೆಯೋ ಕ್ಯಾಮೆರಾ ಕೈಯಲ್ಲಿದೆ. ಅಷ್ಟರಲ್ಲಿ ಒಂದಾದರೂ ಸರಿಯಾಗಿ ಸಿಗುತ್ತೆ ಅಲ್ವಾ? ಮತ್ತೆ ಯಾಕ್ರೀ ಕಟ್ಟಿಸ್ತೀರಿ? ರೋಲ್ ಇದ್ದಾಗ ಇನ್ನೊಂದ್ಸಲ ಅಂತ ಕೇಳಿದ್ದರೆ ಒಂದು ಅರ್ಥ ಇತ್ತು. ಆಗ ಯಾರೂ ಕೇಳಲಿಲ್ಲ.

ನಿನ್ನೆ ಆ ಫೋಟೋಗ್ರಾಫರ್ ಸ್ಕ್ರೀನ್ ನೋಡುತ್ತಿದ್ದಾಗ ಹುಡುಗಿಯ ಅಜ್ಜಿ ಹಿಂದಿನಿಂದ ಬಂದರು. ನಡುಗುವ ಕೈಯಲ್ಲಿ ಮೊಮ್ಮಗಳ ಜಡೆ ಸರಿಸಿ, ಮೂರು ಗಂಟನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಹೋದರು.

ಅದನ್ನು ಯಾರೂ ತೆಗೆಯಲಿಲ್ಲ.