ಚೌಕಾಸಿ ಬೇಡ, ಮೊದಲ ದಾನಿ ಕಲಾವಿದರೇ

ಸಹಾಯಾರ್ಥ ಕಲಾ ಪ್ರದರ್ಶನಕ್ಕೆ ಬಂದು, 'ಹೇಗೂ ಒಳ್ಳೆಯ ಕೆಲಸಕ್ಕೆ ತಾನೇ, ಸ್ವಲ್ಪ ಕಡಿಮೆ ಮಾಡಿಕೊಡಿ' ಎಂದು ಚೌಕಾಸಿಗೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಳ್ಳೆಯ ಕೆಲಸಕ್ಕೆ ಎಂಬ ಕಾರಣಕ್ಕೇ ಬೆಲೆ ಇಳಿಯಬೇಕು ಎನ್ನುವುದು ಯಾವ ಊರಿನ ನ್ಯಾಯ? ಇತ್ತೀಚೆಗೆ ಬೀದಿ ಕಲೆಯ ಅಂಥದೊಂದು ಪ್ರದರ್ಶನಕ್ಕೆ ಹೋಗಿ, ನೋಡಿ, ಒಂದು ಕೃತಿ ಕೊಂಡು ಬಂದೆ. ಅಲ್ಲಿ ಕಂಡದ್ದನ್ನೂ ಆ ನೆಪದಲ್ಲಿ ತಲೆಯಲ್ಲಿ ಓಡಿದ್ದನ್ನೂ ಬರೆಯದೆ ಸಮಾಧಾನವಿಲ್ಲ.

ಮನೆಯಿಲ್ಲದವರಿಗೆ ರಾತ್ರಿ ತಂಗಲು ಜಾಗ ಕೊಡುವ ಒಂದು ಸಂಸ್ಥೆಗಾಗಿ ನಡೆದ ಪ್ರದರ್ಶನ ಅದು. ಖಾಲಿ ಬಿದ್ದಿದ್ದ ಗೋದಾಮಿನೊಳಗೆ ಕ್ಯಾನ್ವಾಸ್, ಪ್ಲೈವುಡ್, ತುಕ್ಕು ಹಿಡಿದ ತಗಡು, ಕಿತ್ತು ಎಸೆದ ಬಾಗಿಲು, ಹೀಗೆ ಕೈಗೆ ಸಿಕ್ಕಿದ ಎಲ್ಲದರ ಮೇಲೂ ಬಿಡಿಸಿದ ಚಿತ್ರಗಳು. ಬೀದಿ ಕಲಾವಿದರು ಒಳಾಂಗಣಕ್ಕೆ ಬಂದಾಗ ಸಾಮಾನ್ಯವಾಗಿ ಒಂದು ಅಪಾಯವಿರುತ್ತದೆ. ಗೋಡೆಯ ಮೇಲೆ ಹತ್ತಾಳೆತ್ತರ ನಿಂತು ದಾರಿಹೋಕರನ್ನು ತಡೆದು ನಿಲ್ಲಿಸುವ ಚಿತ್ರ, ಚೌಕಟ್ಟಿನೊಳಗೆ ಬಂದ ಕೂಡಲೇ ಬೆದರಿದಂತೆ ಕಾಣುತ್ತದೆ. ಇಲ್ಲಿಯೂ ಅಂಥವು ಕೆಲವಿದ್ದವು, ಸುಳ್ಳು ಹೇಳಲಾರೆ. ಆದರೆ ಹತ್ತಿರ ಹೋಗಿ ನೋಡಬೇಕಾದ ಕೃತಿಗಳೇ ಹೆಚ್ಚಾಗಿದ್ದವು.

ಆಕಾರ ಕತ್ತರಿಸಿದ ಹಾಳೆಯನ್ನು ಗೋಡೆಗೆ ಹಿಡಿದು, ಕ್ಯಾನಿನಿಂದ ಬಣ್ಣ ಸಿಂಪಡಿಸಿ ಮೂಡಿಸುವ ಸ್ಟೆನ್ಸಿಲ್ ಚಿತ್ರವನ್ನು ಹತ್ತಿರದಿಂದ ನೋಡಿದ್ದೀರಾ? ದೂರದಿಂದ ಚಾಕುವಿನಲ್ಲಿ ಕೊರೆದಂತೆ ಕಾಣುವ ಅಂಚು, ಗೇಣು ದೂರದಿಂದ ನೋಡಿದರೆ ಸಣ್ಣಗೆ ಮಸುಕಾಗಿರುತ್ತದೆ. ಕತ್ತರಿಸಿದ ಹಾಳೆಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಬಣ್ಣದ ಹನಿಗಳು ಒಳಗೆ ನುಸುಳಿ ಮಂಜಿನಂತೆ ಹರಡುತ್ತವೆ. ಕ್ಯಾನನ್ನು ಹತ್ತಿರ ಹಿಡಿದರೆ ಬಣ್ಣ ದಪ್ಪವಾಗಿ ಕೂತು ಕೆಳಗೆ ಸೋರುತ್ತದೆ, ದೂರ ಹಿಡಿದರೆ ಪುಡಿಪುಡಿಯಾಗಿ ಬೀಳುತ್ತದೆ. ಮುಖವೊಂದರ ಕೆನ್ನೆಯ ನೆರಳನ್ನು ಬರೀ ಈ ದೂರದ ವ್ಯತ್ಯಾಸದಿಂದಲೇ ಮೂಡಿಸಿದ್ದ ಒಂದು ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಕುಂಚ ತಾಗಿಯೇ ಇಲ್ಲ. ತಪ್ಪಿದರೆ ಅಳಿಸುವ ಹಾಗಿಲ್ಲ. ಬೀದಿಯಲ್ಲಿ ಇದನ್ನೇ ಕತ್ತಲಲ್ಲಿ, ಅವಸರದಲ್ಲಿ, ಯಾರಾದರೂ ಬಂದುಬಿಡುತ್ತಾರೆಂಬ ಭಯದಲ್ಲಿ ಮಾಡಬೇಕು. ಪ್ಯಾರಿಸ್ಸಿನಲ್ಲಿ 1980ರ ದಶಕದ ಆರಂಭದಲ್ಲೇ ಗೋಡೆಗಳ ಮೇಲೆ ಇಲಿಗಳನ್ನು ಮೂಡಿಸುತ್ತಿದ್ದ ಬ್ಲೆಕ್ ಲ ರಾ ಅವರಿಂದ ಹಿಡಿದು ಗುರುತು ಮರೆಸಿಕೊಂಡೇ ಚಿತ್ರ ಬಿಡಿಸುವ ಬ್ರಿಟನ್ನಿನ ಬ್ಯಾಂಕ್ಸಿಯವರೆಗೆ ಅನೇಕರಿಗೆ ಈ ಅವಸರದಲ್ಲಿ ಸ್ಟೆನ್ಸಿಲ್ ಒದಗಿಬಂದಿದೆ. ಕತ್ತರಿಸುವ ಕಷ್ಟವೆಲ್ಲ ಮನೆಯಲ್ಲಿ, ಗೋಡೆಯ ಮುಂದೆ ಕೆಲವೇ ನಿಮಿಷ.

ಬೀದಿ ಕಲೆ ಮಾರಿ ಬೀದಿಯಲ್ಲಿ ಮಲಗುವವರಿಗೆ ನೆರವಾಗುವುದರಲ್ಲಿ ನನಗೆ ಬಹಳ ದೊಡ್ಡ ಔಚಿತ್ಯ ಕಾಣುತ್ತದೆ. ಇಬ್ಬರೂ ಒಂದೇ ಗೋಡೆಯನ್ನು ಬಲ್ಲವರು. ರಾತ್ರಿ ಹೊತ್ತು ಚಿತ್ರ ಬಿಡಿಸುವವರು ಮೊದಲು ಎದುರಾಗುವುದು ಅಲ್ಲೇ ಪಕ್ಕದಲ್ಲಿ ರಟ್ಟು ಹಾಸಿ ಮಲಗಿದವರಿಗೆ. 2019ರ ಡಿಸೆಂಬರ್‌ನಲ್ಲಿ ಬ್ಯಾಂಕ್ಸಿ ಬರ್ಮಿಂಗ್‌ಹ್ಯಾಮ್‌ನ ಒಂದು ಗೋಡೆಯ ಮೇಲೆ ಎರಡು ಹಿಮಸಾರಂಗಗಳನ್ನು ಬಿಡಿಸಿದರು. ಮುಂದೆ ಬೀದಿಯ ಬೆಂಚು. ಅದರ ಮೇಲೆ ಮನೆಯಿಲ್ಲದ ಒಬ್ಬರು ಚೀಲವನ್ನು ತಲೆಗಿಟ್ಟು ಮಲಗುತ್ತಿದ್ದಂತೆ ಬೆಂಚು ಆಕಾಶಕ್ಕೆ ಹಾರುವ ಗಾಡಿಯಾಗಿಬಿಡುವ ವಿಡಿಯೊ ಎಲ್ಲೆಡೆ ಹರಿದಾಡಿತು. ಆ ಚಿತ್ರದಲ್ಲಿ ಬಣ್ಣಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಆ ಮನುಷ್ಯನ ಇರವು. ಇಂಥ ಚಿತ್ರಗಳಿಂದ ಬರುವ ಹಣದಲ್ಲಿ ಅವರಂಥವರಿಗೆ ಪಾಲು ಸಿಗುವುದು ಉಪಕಾರ ಎಂದು ನನಗೆ ಅನಿಸುವುದಿಲ್ಲ. ಸಲ್ಲಬೇಕಾದದ್ದು ಸಲ್ಲುತ್ತಿದೆ, ಅಷ್ಟೇ.

ಈಗ ಚೌಕಾಸಿಯ ವಿಷಯಕ್ಕೆ ಬರುತ್ತೇನೆ. ಸಹಾಯಾರ್ಥ ಪ್ರದರ್ಶನದಲ್ಲಿ ಚಿತ್ರ ಕೊಂಡವರು ತಾವು ದಾನ ಮಾಡಿದೆವು ಎಂದುಕೊಳ್ಳುತ್ತಾರೆ. ಹಣ ಕೊಟ್ಟದ್ದಕ್ಕೆ ಪ್ರತಿಯಾಗಿ ಅವರ ಕೈಗೆ ಒಂದು ಚಿತ್ರ ಬಂದಿರುತ್ತದೆ. ಪೂರ್ತಿ ಪ್ರತಿಫಲ ಪಡೆಯದೆ ಕೊಟ್ಟವರು ಆ ಕೋಣೆಯಲ್ಲಿ ಒಬ್ಬರೇ, ಚಿತ್ರ ಬಿಡಿಸಿದವರು. ಮೊದಲ ದಾನಿ ಅವರು. ಬಣ್ಣದ ಖರ್ಚು ಅವರದು, ಚೌಕಟ್ಟಿನ ಖರ್ಚು ಬಹಳ ಸಲ ಅವರದೇ, ದಿನಗಟ್ಟಲೆಯ ದುಡಿಮೆಯಂತೂ ಅವರದೇ. ಇಷ್ಟೆಲ್ಲ ಕೊಟ್ಟವರ ಮುಂದೆ ನಿಂತು ಬೆಲೆ ಇಳಿಸಲು ಕೇಳಿದರೆ, ಕಡಿತ ಬೀಳುವುದು ಎರಡೇ ಕಡೆ. ಒಂದೋ ತಂಗುದಾಣದ ಹಾಸಿಗೆಯ ಹಣದಲ್ಲಿ, ಇಲ್ಲವೇ ಕಲಾವಿದರ ಪಾಲಿನಲ್ಲಿ.

ಕಲಾವಿದರನ್ನು ಈ ಜಗತ್ತು ಎಷ್ಟು ಸಲೀಸಾಗಿ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಕಾನೂನಿನಲ್ಲೇ ಸಾಕ್ಷಿಯಿದೆ. ಅಮೆರಿಕದಲ್ಲಿ 1969ರ ತೆರಿಗೆ ಸುಧಾರಣೆಯ ನಂತರ, ಕಲಾವಿದರೊಬ್ಬರು ತಮ್ಮದೇ ಚಿತ್ರವನ್ನು ದಾನ ಮಾಡಿದರೆ ಅವರಿಗೆ ತೆರಿಗೆ ವಿನಾಯಿತಿ ಸಿಗುವುದು ಬಣ್ಣ, ಬಟ್ಟೆಯಂಥ ಸಾಮಗ್ರಿಯ ಖರ್ಚಿಗೆ ಮಾತ್ರ. ಅದೇ ಚಿತ್ರವನ್ನು ಕೊಂಡು ಕೆಲವು ಕಾಲ ಇಟ್ಟುಕೊಂಡು ವಸ್ತುಸಂಗ್ರಹಾಲಯಕ್ಕೆ ಕೊಡುವ ಸಂಗ್ರಾಹಕರು ಮಾರುಕಟ್ಟೆ ಬೆಲೆಯ ಮೇಲೆ ವಿನಾಯಿತಿ ಪಡೆಯಬಹುದು. ಮಾಡಿದವರ ದುಡಿಮೆಗೆ ಸೊನ್ನೆ, ಕೊಂಡವರ ಉದಾರತೆಗೆ ಪೂರ್ತಿ ಲೆಕ್ಕ. ಬೇರೆಡೆಯೂ ಕಲಾವಿದರಿಗೆ ಬರುವ ಕೋರಿಕೆಯ ಧಾಟಿ ಇಂಥದೇ: 'ಹಣ ಕೊಡಲಾಗದು, ಆದರೆ ನಿಮಗೆ ಪ್ರಚಾರ ಸಿಗುತ್ತದೆ.' ಪ್ರಚಾರದಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ಆದ್ದರಿಂದ ಪ್ರದರ್ಶನದ ಬಾಗಿಲಲ್ಲೇ ಕೂತಿದ್ದ ಸಂಘಟಕರನ್ನು ಮೊದಲು ಕೇಳಿದ್ದು ಇದನ್ನೇ. ಬಂದ ಹಣದಲ್ಲಿ ಸಂಸ್ಥೆಗೆಷ್ಟು, ಕಲಾವಿದರಿಗೆಷ್ಟು, ಸಭಾಂಗಣ, ದೀಪ, ಮುದ್ರಣದ ಖರ್ಚು ಯಾರ ತಲೆಯ ಮೇಲೆ? ಅವರು ಮುಜುಗರವಿಲ್ಲದೆ ಉತ್ತರಿಸಿದರು. ಅರ್ಧ ಸಂಸ್ಥೆಗೆ, ಅರ್ಧ ಕಲಾವಿದರಿಗೆ, ಖರ್ಚನ್ನು ಬೇರೊಬ್ಬ ಪ್ರಾಯೋಜಕರು ಹೊತ್ತಿದ್ದರು. ಕೆಲವು ಕಲಾವಿದರು ತಮ್ಮ ಪಾಲನ್ನೂ ಬಿಟ್ಟುಕೊಟ್ಟಿದ್ದರು, ಅದು ಅವರವರ ಇಷ್ಟ. ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ಪೂರ್ತಿ ಕೊಡಲೇಬೇಕು ಎಂದು ಕಟ್ಟುಪಾಡು ಮಾಡಿದರೆ ಹೊಟ್ಟೆ ತುಂಬಿದವರು ಮಾತ್ರ ಇಂಥ ಪ್ರದರ್ಶನಗಳಲ್ಲಿ ಉಳಿಯುತ್ತಾರೆ. ಪಾಲು ಸಿಕ್ಕರೆ ಕಲಾವಿದರು ಮುಂದಿನ ವರ್ಷವೂ ಬರುತ್ತಾರೆ, ತಮ್ಮ ಒಳ್ಳೆಯ ಕೃತಿಯನ್ನೇ ತರುತ್ತಾರೆ.

ಬೀದಿ ಕಲೆಯಲ್ಲಿ ಕೊಡುವ ಗುಣ ಹೊಸದೇನಲ್ಲ. ಕೀತ್ ಹ್ಯಾರಿಂಗ್ 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಬಿಡಿಸುತ್ತಿದ್ದರು. ಜಾಹೀರಾತಿಲ್ಲದ ಫಲಕಗಳಿಗೆ ಅಂಟಿಸಿದ್ದ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣ, ಅಷ್ಟೇ ಸಾಮಗ್ರಿ. ಪೊಲೀಸರು ಹಿಡಿದಿದ್ದರು, ದಂಡವನ್ನೂ ಹಾಕಿದ್ದರು. ಹೆಸರು ಬಂದು ಗ್ಯಾಲರಿಗಳಲ್ಲಿ ಬೆಲೆ ಏರಿದ ಮೇಲೆ 1986ರಲ್ಲಿ ಪಾಪ್ ಶಾಪ್ ಎಂಬ ಅಂಗಡಿ ತೆರೆದು ಅಂಗಿ, ಬಿಲ್ಲೆ, ಪೋಸ್ಟರ್‌ಗಳ ಮೇಲೆ ತಮ್ಮ ಗೆರೆಗಳನ್ನು ಮಾರಿದರು. ದುಡ್ಡಿದ್ದವರ ಗೋಡೆಗೆ ಮಾತ್ರ ತನ್ನ ಚಿತ್ರ ಸೀಮಿತವಾಗಬಾರದು ಎಂಬ ಹಟ ಅದು. 1987ರಲ್ಲಿ ಪ್ಯಾರಿಸ್ಸಿನ ನೆಕೆರ್ ಮಕ್ಕಳ ಆಸ್ಪತ್ರೆಯ ಮೆಟ್ಟಿಲು ಗೋಪುರದ ಮೇಲೆ ದೊಡ್ಡ ಚಿತ್ರ ಬರೆದರು. ಏಡ್ಸ್‌ನಿಂದ ನರಳುತ್ತಲೇ 1989ರಲ್ಲಿ ಪ್ರತಿಷ್ಠಾನ ಕಟ್ಟಿ, ಮಕ್ಕಳಿಗಾಗಿ ಮತ್ತು ಏಡ್ಸ್ ಪೀಡಿತರಿಗಾಗಿ ದುಡಿಯುವ ಸಂಸ್ಥೆಗಳಿಗೆ ನೆರವು ಹೋಗುವಂತೆ ಮಾಡಿದರು. 1990ರಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 31 ವರ್ಷ.

ಬ್ಯಾಂಕ್ಸಿಯ ಕೊಡುಗೆಗಳು ಹೆಚ್ಚು ಸುದ್ದಿಯಾದವು. ಕೋವಿಡ್‌ನ ಮೊದಲ ಅಲೆಯ ಹೊತ್ತಿನಲ್ಲಿ, 2020ರ ಮೇ ತಿಂಗಳಲ್ಲಿ, ಸೌತಾಂಪ್ಟನ್ ಆಸ್ಪತ್ರೆಯಲ್ಲಿ ಒಂದು ಚಿತ್ರ ಕಾಣಿಸಿಕೊಂಡಿತು. ಹುಡುಗನೊಬ್ಬ ಬ್ಯಾಟ್‌ಮನ್, ಸ್ಪೈಡರ್‌ಮನ್ ಗೊಂಬೆಗಳನ್ನು ಬುಟ್ಟಿಗೆ ಹಾಕಿ ದಾದಿಯ ಗೊಂಬೆಯನ್ನು ಹಾರಿಸುತ್ತ ಆಡುತ್ತಿದ್ದಾನೆ. ಇಡೀ ಚಿತ್ರ ಕಪ್ಪುಬಿಳುಪು, ದಾದಿಯ ಉಡುಪಿನ ಶಿಲುಬೆ ಮಾತ್ರ ಕೆಂಪು. 2021ರ ಮಾರ್ಚ್‌ನಲ್ಲಿ ಶುಲ್ಕ ಸೇರಿ 1.67 ಕೋಟಿ ಪೌಂಡ್‌ಗೂ ಹೆಚ್ಚಿಗೆ ಹರಾಜಾಗಿ, ಹಣ ಆರೋಗ್ಯ ಸೇವೆಗೆ ಸಂಬಂಧಿಸಿದ ದತ್ತಿ ಸಂಸ್ಥೆಗಳಿಗೆ ಹೋಯಿತು. ಅದರ ಪ್ರತಿಯೊಂದು ಆಸ್ಪತ್ರೆಯಲ್ಲೇ ಉಳಿಯಿತು.

ನನಗೆ ಅದಕ್ಕಿಂತ ಇಷ್ಟವಾದದ್ದು 2014ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದದ್ದು. ತಬ್ಬಿಕೊಂಡೇ ತಮ್ಮ ತಮ್ಮ ಮೊಬೈಲ್ ನೋಡುತ್ತಿರುವ ಜೋಡಿಯ ಚಿತ್ರವೊಂದು ಹಣಕ್ಕೆ ಪರದಾಡುತ್ತಿದ್ದ ಹುಡುಗರ ಕ್ಲಬ್ಬಿನ ಪಕ್ಕದ ಬಾಗಿಲಲ್ಲಿ ಕಾಣಿಸಿಕೊಂಡಿತು. ಕ್ಲಬ್ಬಿನವರು ಅದನ್ನು ತೆಗೆದು ಒಳಗಿಟ್ಟರು. ಯಾರದ್ದು ಎಂಬ ವಿವಾದ ಎದ್ದಾಗ ಬ್ಯಾಂಕ್ಸಿಯೇ ಪತ್ರ ಬರೆದು ಕ್ಲಬ್ಬಿಗೆ ಸೇರಿದ್ದೆಂದು ತಿಳಿಸಿದರು. 4,03,000 ಪೌಂಡ್‌ಗೆ ಮಾರಾಟವಾಗಿ ಕ್ಲಬ್ಬು ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು ಆ ಪತ್ರ. ಕಲಾವಿದರ ಒಪ್ಪಿಗೆ.

ಒಪ್ಪಿಗೆಯಿಲ್ಲದೆ ಗೋಡೆ ಕೊರೆದು ಮಾರುವವರೂ ಇದ್ದಾರಲ್ಲ. ಲಂಡನ್ನಿನ ವುಡ್ ಗ್ರೀನ್ ಬಡಾವಣೆಯ ಬೀದಿಯೊಂದರಲ್ಲಿ 2012ರಲ್ಲಿ ಕಾಣಿಸಿದ, ಹೊಲಿಗೆ ಯಂತ್ರದ ಮುಂದೆ ಮಂಡಿಯೂರಿ ಧ್ವಜಗಳ ತೋರಣ ಹೊಲಿಯುವ ಬಡ ಹುಡುಗನ ಚಿತ್ರವನ್ನು ಮರುವರ್ಷ ಗೋಡೆಸಮೇತ ಕಿತ್ತರು. ಮಯಾಮಿಯ ಹರಾಜಿನಲ್ಲಿ ಅದು ಕಾಣಿಸಿಕೊಂಡಾಗ ಆ ಬಡಾವಣೆಯ ಜನ ಬೊಬ್ಬೆ ಹಾಕಿ ನಿಲ್ಲಿಸಿದರು. ಆದರೂ ಕೆಲವೇ ತಿಂಗಳಲ್ಲಿ ಲಂಡನ್ನಿನಲ್ಲೇ ಮಾರಾಟವಾಯಿತು. ಬಾಲಕಾರ್ಮಿಕನ ಚಿತ್ರವನ್ನೂ ಲೂಟಿಯ ಸರಕಾಗಿಸಿದ ಆ ವ್ಯವಹಾರವನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಇಟಲಿಯ ಕಲಾವಿದ ಬ್ಲೂ ಇಂಥದಕ್ಕೆ ಕೊಟ್ಟ ಉತ್ತರ ಬೇರೆಯೇ. 2016ರಲ್ಲಿ ಬೊಲೊನ್ಯಾದಲ್ಲಿ ಗೋಡೆಗಳಿಂದ ಕಿತ್ತ ಚಿತ್ರಗಳನ್ನೂ ಸೇರಿಸಿ ದೊಡ್ಡ ಪ್ರದರ್ಶನ ಏರ್ಪಟ್ಟಾಗ, ಅವರು ಇಪ್ಪತ್ತು ವರ್ಷಗಳಿಂದ ಆ ನಗರದಲ್ಲಿ ಬಿಡಿಸಿದ್ದ ತಮ್ಮ ಚಿತ್ರಗಳಿಗೆಲ್ಲ ಬೂದು ಬಣ್ಣ ಬಳಿದು ಅಳಿಸಿಬಿಟ್ಟರು.

ಹಾಗಾಗಿ ಸಂಘಟಕರಿಗೆ ಕೇಳಿದ ಎರಡನೆಯ ಪ್ರಶ್ನೆ ಇದು: ಈ ಬಾಗಿಲು, ತಗಡುಗಳನ್ನೆಲ್ಲ ಕಲಾವಿದರೇ ತಂದರೋ, ಚಿತ್ರವಿದ್ದುದನ್ನು ಯಾರಾದರೂ ಕಿತ್ತು ತಂದರೋ? ಎಲ್ಲವೂ ಪ್ರದರ್ಶನಕ್ಕೆಂದೇ ಮಾಡಿದವು ಎಂದರು. ಪಕ್ಕದಲ್ಲಿದ್ದ ಕಲಾವಿದರೊಬ್ಬರು ತಮ್ಮ ತಗಡು ಯಾವ ಗುಜರಿಯಿಂದ ಬಂತೆಂದು ಹೇಳತೊಡಗಿದರು. ಆ ಉತ್ಸಾಹವೇ ನನಗೆ ಸಾಕಾಯಿತು.

ನಾನು ಕೊಂಡದ್ದು ದೊಡ್ಡ ಕೃತಿಯೇನಲ್ಲ, ಜಾಲರಿಯ ಮೂಲಕ ಒಂದೊಂದೇ ಬಣ್ಣ ಒತ್ತಿ ತೆಗೆದ ಸ್ಕ್ರೀನ್ ಪ್ರಿಂಟ್. ಸುರಿಯುವ ಮಳೆಯಲ್ಲಿ ಅಂಗಡಿಯ ಮುಚ್ಚಿದ ಕದಕ್ಕೆ ಒರಗಿ ನಿಂತ ಮುದುಕಿ, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ. ಮೂರೇ ಬಣ್ಣ. ರಟ್ಟಿನ ಕಂದು ಬಣ್ಣವನ್ನು ಕೊನೆಗೆ ಒತ್ತಿದ್ದರಿಂದ ಅದು ಕಪ್ಪು ಗೆರೆಯ ಮೇಲೆ ತುಸು ಉಬ್ಬಿ ನಿಂತಿದೆ, ಓರೆಯಾಗಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಕೆಳಗಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಹಿ, ಇನ್ನೊಂದು ಕಡೆ ಓರೆಗೆರೆಯ ಹಿಂದೆ ಮುಂದೆ ಎರಡು ಸಂಖ್ಯೆ. ಮೊದಲನೆಯದು ಈ ಪ್ರತಿಯದು, ಎರಡನೆಯದು ಒಟ್ಟು ಒತ್ತಿದ ಪ್ರತಿಗಳದು. ಮೂಲ ಕೃತಿ ಕೊಳ್ಳುವ ಶಕ್ತಿಯಿಲ್ಲದವರಿಗೆ ಇದು ಒಳ್ಳೆಯ ದಾರಿ. ಒಟ್ಟು ಪ್ರತಿ ಕಡಿಮೆ ಇದ್ದಷ್ಟೂ ಬೆಲೆ ಹೆಚ್ಚು ಎನ್ನುವುದೆಲ್ಲ ವ್ಯಾಪಾರಿಗಳ ಮಾತು. ದಿನವೂ ಕಣ್ಣಿಗೆ ಬೀಳುವ ಚಿತ್ರ ನಮ್ಮನ್ನು ಹಿಡಿದು ನಿಲ್ಲಿಸುತ್ತದೆಯೇ ಎಂಬುದೊಂದೇ ನನ್ನ ಅಳತೆ. ಚಿತ್ರ ಮನೆಗೆ ತಂದವರಿಗೆ ಒಂದು ಮಾತು: ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಮಾಸುತ್ತದೆ. ಚೌಕಟ್ಟು ಹಾಕಿಸುವಾಗ ಆಮ್ಲರಹಿತ ರಟ್ಟನ್ನೇ ಕೇಳಿ, ಅಗ್ಗದ ರಟ್ಟು ವರ್ಷಗಳು ಕಳೆದಂತೆ ಕಾಗದವನ್ನು ಹಳದಿಯಾಗಿಸುತ್ತದೆ. ಅಂಚನ್ನು ಕತ್ತರಿಸಲು ಯಾವ ಕಾರಣಕ್ಕೂ ಬಿಡಬೇಡಿ.

ಸಹಾಯಾರ್ಥ ಪ್ರದರ್ಶನದಲ್ಲಿ ಕೊಂಡು, ಮರುವಾರವೇ ಹೆಚ್ಚಿನ ಬೆಲೆಗೆ ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವವರ ಬಗ್ಗೆ ನನಗೆ ಒಂದಿಷ್ಟೂ ಗೌರವವಿಲ್ಲ. ಕಾನೂನು ಅದನ್ನು ತಡೆಯದಿರಬಹುದು. ಕಲಾವಿದರು ಬಿಟ್ಟುಕೊಟ್ಟ ಲಾಭವನ್ನು ಮಾತ್ರ ಇವರು ಜೇಬಿಗಿಳಿಸುತ್ತಾರೆ. ಇದಕ್ಕಿಂತ ಕೆಟ್ಟವರು ಬೆಲೆ ಕೂಗಿ ಮಾಯವಾಗುವವರು. 2013ರಲ್ಲಿ ನ್ಯೂಯಾರ್ಕಿನಲ್ಲಿ, ಮನೆಯಿಲ್ಲದವರಿಗೂ ಎಚ್‌ಐವಿ ಪೀಡಿತರಿಗೂ ನೆರವಾಗುವ ಹೌಸಿಂಗ್ ವರ್ಕ್ಸ್ ಸಂಸ್ಥೆಯ ಹಳೆಯ ವಸ್ತುಗಳ ಅಂಗಡಿಯಲ್ಲಿ 50 ಡಾಲರ್‌ಗೆ ಬಿಕರಿಯಾಗಿದ್ದ ನಿಸರ್ಗ ಚಿತ್ರವೊಂದರ ಮೇಲೆ ಬ್ಯಾಂಕ್ಸಿ ನಾಜಿ ಅಧಿಕಾರಿಯೊಬ್ಬನನ್ನು ಸೇರಿಸಿ ಆ ಸಂಸ್ಥೆಗೇ ಕೊಟ್ಟರು. ಹರಾಜಿನಲ್ಲಿ 6,15,000 ಡಾಲರ್ ಕೂಗಿ ಗೆದ್ದವರು ಹಣ ಕೊಡದೆ ಹಿಂದೆ ಸರಿದರು. ಸಂಸ್ಥೆ ಬೇರೊಬ್ಬರನ್ನು ಹುಡುಕಿ ಮಾರಬೇಕಾಯಿತು.

ಇಂಥ ಪ್ರದರ್ಶನ ನಡೆಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಕೃತಿಯ ಪಕ್ಕದ ಚೀಟಿಯಲ್ಲಿ ಶೀರ್ಷಿಕೆ, ಬೆಲೆಗಳ ಜೊತೆ ಇಷ್ಟು ಪಾಲು ಸಂಸ್ಥೆಗೆ, ಇಷ್ಟು ಕಲಾವಿದರಿಗೆ ಎಂಬುದನ್ನೂ ಅಚ್ಚು ಹಾಕಿಸಿ. ಕಲಾವಿದರು ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದರೆ, ಅವರ ಅನುಮತಿ ಪಡೆದು ಅದನ್ನೂ ಬರೆಯಿರಿ. ಮಾರಾಟ ಮುಗಿದ ಮೇಲೆ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಕೊಂಡವರಿಗೂ ಕೊಟ್ಟವರಿಗೂ ಒಂದು ಪುಟದ ಲೆಕ್ಕ ಕಳುಹಿಸಿ. ನಾನು ಹೋದ ಪ್ರದರ್ಶನದವರು ಕೇಳಿದ್ದಕ್ಕೆಲ್ಲ ಬಾಯಿಮಾತಿನಲ್ಲಿ ಹೇಳಿದರು. ಅದೇ ಚೀಟಿಯ ಮೇಲಿದ್ದಿದ್ದರೆ, ನನ್ನ ಮುಂದೆ ನಿಂತು ಚೌಕಾಸಿ ಮಾಡುತ್ತಿದ್ದ ಆ ದಂಪತಿಯೂ ಓದುತ್ತಿದ್ದರು.