ಅರೇ (array) ಪಾಠ ಸಿ ಭಾಷೆಯಿಂದಲೇ ಶುರುವಾಗಬೇಕೇ?

ಪರ

ಮದುವೆಯೂಟದ ಪಂಕ್ತಿಯ ನಡುವೆ ಒಬ್ಬರಿಗೆ ಜಾಗ ಮಾಡಬೇಕಾದರೆ ಮೊದಲು ಸರಿಯಬೇಕಾದವರು ಕೊನೆಯಲ್ಲಿ ಕೂತವರು. ಅರೇ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಮೌಲ್ಯವನ್ನಿಡುವ ಮನೆಗಳ ಸಾಲು. ಅದರದೂ ಇದೇ ಕಥೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈಯಾರೆ ಬರೆದು ಕೆಟ್ಟವರಿಗೆ ಇದು ಮನದಟ್ಟಾಗುತ್ತದೆ. ಐದು ಮನೆಗಳ ಅರೇಯಲ್ಲಿ 10, 20, 30, 40 ಇವೆ, ಕೊನೆಯ ಮನೆ ಖಾಲಿ. 10ರ ಪಕ್ಕ 15 ಸೇರಿಸಬೇಕು. ಹೊಸಬರು ಮುಂದಿನಿಂದ ಸರಿಸಲು ಹೊರಡುತ್ತಾರೆ. 20 ಹೋಗಿ 30ರ ಮನೆಯಲ್ಲಿ ಕೂರುತ್ತದೆ, ಅಲ್ಲಿಂದ ಅದೇ 20 ಮುಂದಿನ ಮನೆಗೆ. ಕೊನೆಗೆ ಉಳಿಯುವುದು 10, 15, 20, 20, 20. ಮೂವತ್ತೂ ಇಲ್ಲ, ನಲವತ್ತೂ ಇಲ್ಲ. ಒಮ್ಮೆ ಹೀಗೆ ಕಳೆದುಕೊಂಡವರು ಹಿಂದಿನಿಂದ ಸರಿಸುವುದನ್ನು ಮರೆಯುವುದಿಲ್ಲ.

ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಇನ್ಸರ್ಟ್’ (ಸೇರಿಸು) ಎಂದರೆ ಮುಗಿಯಿತು. ಆದರೆ ಒಳಗೆ ನಡೆಯುವುದು ಅದೇ ಸರಿದಾಟ: ಲಕ್ಷ ಅಂಶಗಳ ಲಿಸ್ಟಿನ (ಪೈಥಾನ್‌ನಲ್ಲಿ ಅರೇಯಂಥ ಸಾಲು) ತಲೆಗೆ ಒಂದನ್ನು ಸೇರಿಸಿದರೆ ಲಕ್ಷವೂ ಒಂದೊಂದು ಮನೆ ಸರಿಯಬೇಕು. ಪ್ರೋಗ್ರಾಂ ಏಕೆ ತೆವಳುತ್ತಿದೆ ಎಂಬುದು ಒಳಗಿನದನ್ನು ಕಾಣದವರಿಗೆ ಹೊಳೆಯುವುದು ಹೇಗೆ?

ಅರೇಯ ಮನೆಗಳನ್ನು ಒಂದರಿಂದಲ್ಲ, ಸೊನ್ನೆಯಿಂದ ಎಣಿಸುವ ಒಗಟೂ ಸಿ ಯಲ್ಲೇ ಬಿಡಿಸಿಕೊಳ್ಳುತ್ತದೆ. ‘ಮಾರ್ಕ್ಸ್’ ಎಂಬ ಅರೇ ಮೆಮೊರಿಯ 1000ನೇ ವಿಳಾಸದಿಂದ ಶುರುವಾಗಿ ಪ್ರತಿ ಸಂಖ್ಯೆಗೂ 4 ಬೈಟ್ ಹಿಡಿದರೆ, ಮಾರ್ಕ್ಸ್[3] ಇರುವುದು 1012ರಲ್ಲಿ. ಆವರಣದೊಳಗಿರುವುದು ಸರದಿಯ ಸಂಖ್ಯೆಯಲ್ಲ, ಮೊದಲ ಮನೆಯಿಂದ ಎಷ್ಟು ಮನೆ ದಾಟಬೇಕು ಎಂಬ ಲೆಕ್ಕ. 1972ರ ಹೊತ್ತಿಗೆ ರೂಪುಗೊಂಡ ಈ ಹಳೆಯ ಭಾಷೆ ಏನನ್ನೂ ಮುಚ್ಚಿಡುವುದಿಲ್ಲ.

ವಿರೋಧ

ತಪ್ಪನ್ನು ಮಾತ್ರ ಮುಚ್ಚಿಡುತ್ತದೆ! ಐದೇ ಮನೆಗಳ ಅರೇಯಲ್ಲಿ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ) ಒಂದು ಸುತ್ತು ಹೆಚ್ಚು ತಿರುಗಿ ಆರನೆಯ ಮನೆಗೆ ಬರೆದರೂ ಸಿ ತೆಪ್ಪಗಿರಬಹುದು. ಒಮ್ಮೆ ಸರಿಯುತ್ತರವೇ ಬರುತ್ತದೆ, ಇನ್ನೊಮ್ಮೆ ಪಕ್ಕದಲ್ಲಿಟ್ಟ ಬೇರೆ ಮೌಲ್ಯ (ವೇರಿಯಬಲ್) ಕೆಡುತ್ತದೆ. ಪೈಥಾನ್ ಅಲ್ಲೇ ನಿಂತು, ಇಂಥ ಸಾಲಿನಲ್ಲಿ ಇಂಡೆಕ್ಸ್ (ಆವರಣದೊಳಗಿನ ಸಂಖ್ಯೆ) ಮಿತಿ ಮೀರಿದೆ ಎಂದು ಹೇಳುತ್ತದೆ. (ಮೈನಸ್ 1 ಕೊಟ್ಟರೆ ಸದ್ದಿಲ್ಲದೆ ಕೊನೆಯ ಅಂಶವನ್ನು ಎತ್ತಿಕೊಡುತ್ತದೆ ಎಂಬುದನ್ನೂ ಒಪ್ಪಬೇಕು.)

ಪಂಕ್ತಿಯ ಹೋಲಿಕೆ ಚೆಂದ. ಆದರೆ ಊಟಕ್ಕೆ ಬಂದವರ ಕೈಗೆ ಮೊದಲೇ ಸೌಟು ಕೊಡುವುದುಂಟೇ? ಕಲಿಯುವವರು ನಿಜಕ್ಕೂ ಎಡವುವ ಜಾಗ ಬೇರೆ. ಅತಿ ದೊಡ್ಡ ಸಂಖ್ಯೆ ಹುಡುಕಲು ಹೇಳಿ ನೋಡಿ: ‘ಗರಿಷ್ಠ = 0’ ಎಂದು ಶುರುಮಾಡುವವರು ಬಹಳ. ಪರೀಕ್ಷೆಯ ಅಂಕಗಳಿಗೆ ಅದು ಸರಿಹೋಗುತ್ತದೆ. ಅದೇ ಪ್ರೋಗ್ರಾಂಗೆ ಲಡಾಖ್‌ನ ದ್ರಾಸ್ ಊರಿನ ಚಳಿಗಾಲದ ರಾತ್ರಿಗಳ ತಾಪಮಾನ ಕೊಟ್ಟಿರಿ ಎನ್ನಿ: -12, -8, -15. ಉತ್ತರ 0 ಎಂದು ಬರುತ್ತದೆ, ಲಿಸ್ಟಿನಲ್ಲೇ ಇಲ್ಲದ ಸಂಖ್ಯೆ. ಮೊದಲ ಅಂಶವನ್ನೇ ಗರಿಷ್ಠವೆಂದು ಹಿಡಿದು ಹೊರಡಬೇಕು ಎಂದು ಹೊಳೆಯಲು ಒಂದಿಷ್ಟು ಬಿಡುವು ಬೇಕು. ಸಿ ಯ ಸಾಲಿನ ಕೊನೆಯಲ್ಲಿ ಬಿಟ್ಟುಹೋದ ಸೆಮಿಕೋಲನ್ ಹುಡುಕುವುದರಲ್ಲೇ ಲ್ಯಾಬ್ ಅವಧಿ ಕಳೆದವರಿಗೆ ಆ ಬಿಡುವು ಎಲ್ಲಿ?

ಮೆಮೊರಿಯ ಪ್ರಶ್ನೆ ಪೈಥಾನ್‌ನಲ್ಲೂ ತಾನಾಗಿ ಎದುರಾಗುತ್ತದೆ. ‘ಬ = ಅ’ ಎಂದು ಬರೆದು ಲಿಸ್ಟನ್ನು ನಕಲು ಮಾಡಿದೆನೆಂದುಕೊಂಡ ಹುಡುಗಿ, ಬ ದಲ್ಲಿ ಒಂದು ಅಂಶ ಬದಲಿಸುತ್ತಾಳೆ. ಅ ಕೂಡ ಬದಲಾಗಿರುತ್ತದೆ, ಎರಡೂ ಒಂದೇ ಲಿಸ್ಟಿನ ಹೆಸರುಗಳಾದ್ದರಿಂದ. ‘ಅದನ್ನು ನಾನು ಮುಟ್ಟಲೇ ಇಲ್ಲವಲ್ಲ ಸರ್’ ಎಂದು ಅವಳೇ ಎದ್ದು ಕೇಳುತ್ತಾಳೆ. ಹಲಗೆಯ ಮೇಲೆ ಮೆಮೊರಿಯ ಮನೆಗಳನ್ನು ಬರೆಯುವುದು ಆಗ.