ಕಾರಿಗೂ ಒಂದು ಸರದಿ

ಜೆ.ಪಿ. ನಗರದಲ್ಲಿ ಅಕ್ಕ ಇರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ನಿವಾಸಿಗಳ ಸಭೆ. ಪ್ಲಾಸ್ಟಿಕ್ ಕುರ್ಚಿ, ಪೇಪರ್ ಲೋಟದಲ್ಲಿ ಕಾಫಿ, ಮೂಲೆಯಲ್ಲಿ ಗುರ್ ಎನ್ನುವ ನೀರಿನ ಪಂಪು. ಆ ದಿನದ ವಿಷಯ ನಮ್ಮ ಭಾವ ಕೊಂಡ ಹೊಸ ಎಲೆಕ್ಟ್ರಿಕ್ ಕಾರು. ಅವರ ಪಾರ್ಕಿಂಗ್ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಸಂಘದ ಒಪ್ಪಿಗೆ ಬೇಕಿತ್ತು. ಹಿರಿಯರೊಬ್ಬರು ಎದ್ದು ನಿಂತು, "ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ತೊಂಬತ್ತಾರು ಮನೆಯವರೂ ಕೇಳುತ್ತಾರೆ. ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಯಾರು ಹೊಣೆ?" ಎಂದರು. ಸಭೆ ತಲೆಯಾಡಿಸಿತು. ರಜೆಗೆಂದು ಬಂದಿದ್ದ ನಾನು ಸುಮ್ಮನೆ ಕಾಫಿ ಕುಡಿಯಬೇಕಿತ್ತು. "ನಮ್ಮ ಇಂಗ್ಲೆಂಡಿನಲ್ಲಿ..." ಎಂದು ಬಾಯಿ ತೆರೆದೆ. "ಇಂಗ್ಲೆಂಡಿನ ಪುರಾಣ ಆಮೇಲೆ ಕೇಳೋಣ. ಮೊದಲು ಈ ಟ್ರಾನ್ಸ್‌ಫಾರ್ಮರ್ ವಿಚಾರ ಹೇಳಿ" ಎಂದು ಅವರು ನನ್ನನ್ನು ಕೂರಿಸಿದರು.

ಕೂರಿಸಿದ್ದು ಸರಿಯೇ. ಹೊರನಾಡಿನಿಂದ ಬಂದವರು ವಿಮಾನದಿಂದ ಇಳಿಯುವಾಗ ಚಾಕೊಲೇಟಿನ ಜೊತೆ ಉಪದೇಶವನ್ನೂ ತರುತ್ತಾರೆ. ಆದರೆ ಆ ಹಿರಿಯರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅಂದು ಮಧ್ಯಾಹ್ನ ಊಟ ಮುಗಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಲು ಕುಳಿತೆ.

ಒಂದು ಕಾರು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ ಎನ್ನೋಣ. ಬೆಂಗಳೂರಿನ ರಸ್ತೆಯಲ್ಲಿ ಅದು ಸಾಹಸವೇ, ಇರಲಿ. ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಸಿಕ್ಕರೂ ದಿನಕ್ಕೆ ಆರು ಯೂನಿಟ್ ಸಾಕು. ಮನೆಯ 15 ಆ್ಯಂಪ್ ಸಾಕೆಟ್‌ಗೆ ಸಿಕ್ಕಿಸಿದರೆ ಕಾರು ಎಳೆಯುವುದು ಸುಮಾರು 3 ಕಿಲೋವಾಟ್, ಎಂದರೆ ಗಂಟೆಗೆ ಮೂರು ಯೂನಿಟ್. ಬಚ್ಚಲಮನೆಯ ಗೀಸರ್ 2 ಕಿಲೋವಾಟ್ ಎಳೆಯುತ್ತದೆ. ಅಂದರೆ ನಿಧಾನಕ್ಕೆ ಚಾರ್ಜ್ ಆಗುವ ಕಾರು ಒಂದೂವರೆ ಗೀಸರಿಗೆ ಸಮ, ಅದೂ ಎರಡು ಗಂಟೆಯ ಮಟ್ಟಿಗೆ. ತೊಂಬತ್ತಾರೂ ಮನೆಗಳಲ್ಲಿ ಕಾರು ಇದ್ದರೆ ಒಟ್ಟು 576 ಯೂನಿಟ್. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಹಂಚಿದರೆ ಯಾವ ಹೊತ್ತಿನಲ್ಲಿ ನೋಡಿದರೂ 72 ಕಿಲೋವಾಟ್. ಅದೇ ತೊಂಬತ್ತಾರು ಮನೆಯವರು ಸಂಜೆ ಏಳಕ್ಕೆ ಆಫೀಸಿನಿಂದ ಬಂದು ಗೋಡೆಗೆ ಹಾಕಿಸಿದ 7 ಕಿಲೋವಾಟ್ ಚಾರ್ಜರನ್ನು ಒಟ್ಟಿಗೆ ಹಾಕಿದರೆ 672 ಕಿಲೋವಾಟ್. ಆಗ ಆ ಹಿರಿಯರು ಹೇಳಿದ್ದೇ ಆಗುತ್ತದೆ. ಕಾರು ಅದೇ, ಯೂನಿಟ್ಟೂ ಅಷ್ಟೇ. ಹೊತ್ತು ಬೇರೆ.

ಗೀಸರ್ ಎಂದಾಗ ನೆನಪಾಯಿತು. ಬೆಳಗಾದರೆ ಊರಿಗೆ ಊರೇ ಗೀಸರ್ ಹಾಕುವುದು ಬೆಂಗಳೂರಿಗೆ ಒಂದು ಕಾಲದಲ್ಲಿ ದೊಡ್ಡ ತಲೆನೋವಾಗಿತ್ತು. ಸುಮಾರು 2007ರಿಂದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಎಂದರು, ಹಾಕಿಸಿದವರಿಗೆ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರು. ಇವತ್ತು ಬನಶಂಕರಿಯ ಯಾವುದೇ ತಾರಸಿ ಹತ್ತಿ ನೋಡಿದರೂ ಸುತ್ತ ಬಿಳಿ ಟ್ಯಾಂಕುಗಳು, ಇಳಿಜಾರಾಗಿ ನಿಂತ ಗಾಜಿನ ಕೊಳವೆಗಳು. ಮಧ್ಯಾಹ್ನದ ಬಿಸಿಲನ್ನು ಮರುದಿನದ ಸ್ನಾನಕ್ಕೆ ಎತ್ತಿಡುವ ವಿದ್ಯೆಯನ್ನು ಈ ಊರು ಯಾರಿಂದಲೂ ಕಲಿಯಬೇಕಾಗಿಲ್ಲ.

ಇನ್ನು ಇಂಗ್ಲೆಂಡಿನ ಪುರಾಣ.

ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ ರೆಡಿಂಗ್ ಎಂಬ ಊರಿನಲ್ಲಿ, ನೂರು ವರ್ಷ ಹಳೆಯ ಇಟ್ಟಿಗೆ ಮನೆಯಲ್ಲಿ. ಚಾರ್ಜರ್ ಹಾಕಿಸಲು ಬಂದ ಎಲೆಕ್ಟ್ರಿಶಿಯನ್ ಮೀಟರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ ಹಲ್ಲು ಕಚ್ಚಿದ. ನಮ್ಮ ಮನೆಗೂ ಪಕ್ಕದ ಮನೆಗೂ ರಸ್ತೆಯಿಂದ ಬರುವುದು ಒಂದೇ ಕೇಬಲ್! ಪಕ್ಕದ ಮನೆಗೆ ಬಂದ ಕರೆಂಟು ಅಲ್ಲಿಂದ ಕವಲೊಡೆದು ನಮಗೆ ಬರುತ್ತಿತ್ತು. ಲಾಂದ್ರದ ದೀಪ ಬಿಟ್ಟು ಬಲ್ಬು ಹಾಕಿದ ಕಾಲದ ಜುಗ್ಗತನ ಅದು. ಕೇಬಲ್ ಬೇರೆ ಮಾಡಿಕೊಡಲು ಅಲ್ಲಿಯ ತಂತಿ ಕಂಪನಿ ತೆಗೆದುಕೊಂಡದ್ದು ಐದು ತಿಂಗಳು. ಅಷ್ಟು ದಿನ ಸೂಪರ್‌ಮಾರ್ಕೆಟಿನ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು, ಬೇಕಿಲ್ಲದ ಬಿಸ್ಕತ್ತು ಕೊಳ್ಳುತ್ತಾ ಕಾದೆ. ಮುಂದುವರಿದ ದೇಶದ ಕಥೆ ಇದು.

ಆದರೆ ಒಂದು ವಿಷಯದಲ್ಲಿ ಅವರಿಗೆ ಬುದ್ಧಿ ಇದೆ ಎಂದು ಒಪ್ಪುತ್ತೇನೆ. 2022ರ ಜೂನ್ ಕೊನೆಯಿಂದ ಅಲ್ಲಿ ಮನೆಗೆ ಮಾರುವ ಪ್ರತಿ ಚಾರ್ಜರಿಗೂ ಕಾನೂನಿನ ಕಟ್ಟಳೆ ಇದೆ. ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ 10ರವರೆಗೆ ಅದು ತಾನಾಗಿ ಚಾರ್ಜ್ ಮಾಡಬಾರದು. ಬೇಕೆಂದರೆ ನಾವೇ ಬದಲಿಸಿಕೊಳ್ಳಬಹುದು, ಆದರೆ ಪೆಟ್ಟಿಗೆಯಿಂದ ತೆಗೆದಾಗ ಅದರ ಹುಟ್ಟುಗುಣ ಹಾಗಿರುತ್ತದೆ. ಇನ್ನೊಂದು ನಿಯಮ ನನಗೆ ಇನ್ನೂ ಇಷ್ಟ. ಅಗ್ಗದ ದರ ಶುರುವಾದ ಗಳಿಗೆಗೆ ಎಲ್ಲ ಚಾರ್ಜರುಗಳೂ ಒಟ್ಟಿಗೆ ಎದ್ದೇಳಬಾರದು. ಪ್ರತಿಯೊಂದೂ ಹತ್ತು ನಿಮಿಷದೊಳಗೆ ಮನಸ್ಸಿಗೆ ಬಂದಷ್ಟು ತಡ ಮಾಡಿ ಶುರು ಮಾಡಬೇಕು. ಒಟ್ಟಿಗೆ ಎದ್ದರೆ ಏನಾಗುತ್ತದೆ ಎಂಬುದು ಆ ದೇಶಕ್ಕೆ ಚಹಾದಿಂದ ಗೊತ್ತು. 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಎದುರು ಸೋತ ರಾತ್ರಿ ಇಡೀ ದೇಶ ಟಿ.ವಿ. ಮುಂದಿನಿಂದ ಎದ್ದು ಕೆಟಲ್ ಹಾಕಿತು. ಒಮ್ಮೆಲೇ 2,800 ಮೆಗಾವಾಟ್ ಏರಿತು.

ಈ ಹತ್ತು ನಿಮಿಷದ ನಿಯಮ ಓದಿದಾಗ ನನಗೆ ತಿಪಟೂರಿನ ಹತ್ತಿರದ ಚಿಕ್ಕಪ್ಪನ ತೆಂಗಿನ ತೋಟ ಕಣ್ಣಿಗೆ ಕಟ್ಟಿತು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಪಂಪ್‌ಸೆಟ್ ಮನೆಗೆ ಹೋಗುತ್ತಿದ್ದರು ಅವರು. ಆಮೇಲೆ ಆಟೋ ಸ್ಟಾರ್ಟರ್ ಬಂತು, ಕರೆಂಟು ಬಂದ ಕೂಡಲೇ ಮೋಟಾರು ತಾನೇ ಏಳುವಂಥದ್ದು. ಚಿಕ್ಕಪ್ಪನ ನಿದ್ದೆ ಉಳಿಯಿತು, ಟಿಸಿ (ಹಳ್ಳಿಯ ಬಾಯಲ್ಲಿ ಟ್ರಾನ್ಸ್‌ಫಾರ್ಮರ್) ಉಳಿಯಲಿಲ್ಲ. ಸುತ್ತಲಿನ ಇಪ್ಪತ್ತು ತೋಟದ ಮೋಟಾರುಗಳು ಒಂದೇ ಕ್ಷಣಕ್ಕೆ ಎದ್ದರೆ ಪಾಪ ಅದು ಏನು ಮಾಡೀತು? ಸುಟ್ಟ ಟಿಸಿಯನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ ಬೇರೆ ತರುವುದು, ಅಷ್ಟರಲ್ಲಿ ಸಸಿ ಬಾಡುವುದು. ಕೊನೆಗೆ ತೋಟದವರೇ ಕೂತು, ನೀನು ಮೊದಲು, ನಾನು ಆಮೇಲೆ ಎಂದು ಗೊತ್ತು ಮಾಡಿಕೊಂಡರು. ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಹೇಳಿದ್ದನ್ನು ಚಿಕ್ಕಪ್ಪ ತೆಂಗಿನ ಮರದ ಕೆಳಗೆ ಬೀಡಿ ಸೇದುತ್ತಾ ಹೇಳಿದ್ದರು, ಅಷ್ಟೇ ವ್ಯತ್ಯಾಸ. ಇದನ್ನು ಸಭೆಯಲ್ಲಿ ಹೇಳಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ನನ್ನ ಬಾಯಿಗೆ ಮೊದಲು ಬಂದದ್ದು ಇಂಗ್ಲೆಂಡು.

ಹಾಗೆಂದು ಅಲ್ಲಿಯ ಗಡಿಯಾರವನ್ನು ಇಲ್ಲಿಗೆ ತಂದು ನೇತುಹಾಕಿದರೆ ಕೆಡುತ್ತದೆ. ಅಲ್ಲಿ ನಾನು ಕಾರು ಚಾರ್ಜ್ ಮಾಡುವುದು ನಡುರಾತ್ರಿಯ ನಂತರ. ಊರು ಮಲಗಿದ್ದರೂ ಸಮುದ್ರದ ಗಾಳಿ ಮಲಗುವುದಿಲ್ಲ, ಗಾಳಿಯಂತ್ರಗಳ ಕರೆಂಟನ್ನು ಕೇಳುವವರಿರುವುದಿಲ್ಲ. ಹಾಗಾಗಿ ರಾತ್ರಿಯ ದರ ಹಗಲಿನ ಮೂರನೇ ಒಂದು ಭಾಗ. ನಮ್ಮಲ್ಲಿ ಪುಕ್ಕಟೆಯಾಗಿ ಸುರಿಯುವುದು ಬಿಸಿಲು. ಚಿಕ್ಕಪ್ಪನ ಜಿಲ್ಲೆಯಲ್ಲೇ ಇರುವ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವಾಟ್‌ನದು. ಅದು ದುಡಿಯುವುದು ಹಗಲು. ಕೇಂದ್ರ ಸರ್ಕಾರ 2024ರಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು ದರ, ಉಳಿದ ಹೊತ್ತಿನಲ್ಲಿ 1.3 ಪಟ್ಟು. ಆ ಏಳು ಗಂಟೆ ಬೆಂಗಳೂರಿನ ಕಾರುಗಳು ಎಲ್ಲಿರುತ್ತವೆ? ಹೊರವರ್ತುಲ ರಸ್ತೆಯ, ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳ ನೆಲಮಾಳಿಗೆಯಲ್ಲಿ ಸಾಲಾಗಿ ನಿದ್ದೆ ಮಾಡುತ್ತಿರುತ್ತವೆ. ಚಾರ್ಜರುಗಳು ಮೊದಲು ಬರಬೇಕಾದದ್ದು ಅಲ್ಲಿಗೆ. ಅಪಾರ್ಟ್‌ಮೆಂಟಿಗೆ ನಿಧಾನದ ಸಾಕೆಟ್ ಸಾಕು, ಅದೂ ನಡುರಾತ್ರಿಯ ನಂತರ, ಬೀದಿಯ ಟ್ರಾನ್ಸ್‌ಫಾರ್ಮರ್ ಬಿಡುವಾಗಿರುವ ಹೊತ್ತಿಗೆ.

ಹಾಗೆ ನೋಡಿದರೆ ಬೆಂಗಳೂರಿಗೆ ಇದು ಹೊಸದೇನಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ, ಯಾವುದೋ ಹೊತ್ತಿಗೆ ಬರುತ್ತದೆ. ಬಂದಾಗ ಸಂಪು ತುಂಬಿಕೊಂಡು ಬೇಕಾದಾಗ ಬಳಸುತ್ತೇವೆ. ಕಾರಿನ ಬ್ಯಾಟರಿ ಗಾಲಿ ಇರುವ ಸಂಪು.

ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ವಿದ್ಯುತ್ತಿನ ಗರಿಷ್ಠ ಬೇಡಿಕೆ 2002ರಲ್ಲೇ 62 ಸಾವಿರ ಮೆಗಾವಾಟ್ ಮುಟ್ಟಿ ಆಮೇಲೆ ಇಳಿದಿದೆ. ಕಾರುಗಳಿಗೆ ಅಲ್ಲಿ ಹಳೆಯ ಜಾಗ ಖಾಲಿ ಇದೆ. ಕರ್ನಾಟಕದ್ದು ಏರುತ್ತಲೇ ಇದೆ, 2024ರ ಬೇಸಿಗೆಯಲ್ಲಿ 17 ಸಾವಿರ ಮೆಗಾವಾಟ್ ದಾಟಿತು. ಅದಕ್ಕೂ ಹಿಂದಿನ ವರ್ಷ ಮಳೆ ಕೈಕೊಟ್ಟಾಗ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟು ಕೈಗಡ ತರಬೇಕಾಯಿತು. ಸಂಜೆ ಸೂರ್ಯ ಮುಳುಗಿದ ಮೇಲಿನ ನಾಲ್ಕು ಗಂಟೆ ನಮಗೆ ಕಷ್ಟದ್ದು. ಆ ನಾಲ್ಕು ಗಂಟೆಯ ಹೆಸರಿನಲ್ಲೇ ಶರಾವತಿ ಕಣಿವೆಯಲ್ಲಿ, ಕರೆಂಟು ಮಿಕ್ಕಾಗ ನೀರನ್ನು ಮೇಲಕ್ಕೆತ್ತಿ ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಹೊರಟಿದ್ದಾರೆ, ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ. ನನಗಂತೂ ಅದು ಒಪ್ಪಿಗೆಯಿಲ್ಲ. ಸಂಜೆ ಏಳಕ್ಕೆ ಕಾರಿಗೆ ವೈರು ಸಿಕ್ಕಿಸುವವರು ಪರಿಸರಕ್ಕಾಗಿ ಪೆಟ್ರೋಲ್ ಬಿಟ್ಟೆವು ಎಂದು ಹೇಳಿಕೊಳ್ಳುವಾಗ ಆ ಕಾಡು ನೆನಪಾಗುತ್ತದೆ.

ಅಕ್ಕನ ಅತ್ತೆಯ ಚಿಂತೆ ಇನ್ನೊಂದು ಬಗೆಯದು. ಗೃಹಜ್ಯೋತಿಯ 200 ಯೂನಿಟ್ ಗೆರೆ ದಾಟದಂತೆ ಅವರು ತಿಂಗಳಿಡೀ ಮೀಟರ್ ಕಾಯುತ್ತಾರೆ. ದಿನಕ್ಕೆ ಆರು ಎಂದರೂ ಕಾರೊಂದೇ 180 ಯೂನಿಟ್ ಕುಡಿಯುತ್ತದೆ. "ನಿನ್ನ ಭಾವನ ಕಾರಿಗೆ ಬೇರೆ ಮೀಟರ್ ಹಾಕಿಸು, ಇಲ್ಲ ಬೇರೆ ಮನೆ ನೋಡು" ಎಂದು ನನಗೇ ಹೇಳಿದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಯಾವ ಹೊತ್ತಿಗೆ ಬಳಸಿದರೂ ಒಂದೇ ಎನ್ನುವ ಬಿಲ್ಲು ಇರುವವರೆಗೆ ಯಾರೂ ಹೊತ್ತು ನೋಡುವುದಿಲ್ಲ. ಕಾರಿಗೆ ಬೇರೆ ಮೀಟರ್, ಆ ಮೀಟರಿಗೆ ಹೊತ್ತಿಗೆ ತಕ್ಕ ದರ ಎನ್ನುವುದೇ ನ್ಯಾಯ.

ಅಂದಹಾಗೆ, ನಾನು ಮೊದಲ ಸಲ ಎಲೆಕ್ಟ್ರಿಕ್ ಕಾರು ನೋಡಿದ್ದು ಲಂಡನ್ನಿನ ರಸ್ತೆಯಂಚಿನಲ್ಲಿ. ಪುಟ್ಟ ಡಬ್ಬಿಯಂಥದ್ದು, ಮೂತಿಗೆ ವೈರು ಸಿಕ್ಕಿಸಿಕೊಂಡು ಕೊಟ್ಟಿಗೆಯ ಕರುವಿನಂತೆ ನಿಂತಿತ್ತು. ಜಿ-ವಿಜ್ ಎಂಬ ಆ ಕಾರನ್ನು ಅಲ್ಲಿಯ ಜನ ಗೇಲಿ ಮಾಡುತ್ತಿದ್ದರು. ಅದು ಬೆಂಗಳೂರಿನಲ್ಲಿ ತಯಾರಾದ ರೇವಾ, 2001ರಲ್ಲಿ ನಮ್ಮ ರಸ್ತೆಗೆ ಇಳಿದದ್ದು, ಹೆಸರು ಬದಲಿಸಿಕೊಂಡು ಹಡಗು ಹತ್ತಿದ್ದು ಎಂದು ತಿಳಿದ ದಿನ ನಾನು ಎದೆಯುಬ್ಬಿಸಿ ನಡೆದೆ. ಇಂಗ್ಲೆಂಡಿನ ಪುರಾಣದಲ್ಲಿ ಈ ಅಧ್ಯಾಯವೂ ಇದೆ ಎಂದು ಆ ಹಿರಿಯರಿಗೆ ಹೇಳಲು ಮರೆತೆ.

ರಜೆ ಮುಗಿಸಿ ಬಂದ ಮೂರು ವಾರಕ್ಕೆ ಭಾವ ಫೋನ್ ಮಾಡಿದರು. ಸಂಘ ಒಪ್ಪಿದೆಯಂತೆ. ನಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಲೆಕ್ಕವನ್ನು ಅವರು ಆ ಹಿರಿಯರ ಮನೆಗೆ ಒಯ್ದಿದ್ದರು. ಹಿರಿಯರು ಕನ್ನಡಕ ಏರಿಸಿ ಎರಡು ಕಡೆ ತಿದ್ದಿ, ತಾವೇ ಷರತ್ತು ಬರೆದುಕೊಟ್ಟರಂತೆ. ಸಂಜೆ ಆರರಿಂದ ಹನ್ನೊಂದರವರೆಗೆ ಯಾರೂ ಚಾರ್ಜ್ ಮಾಡಕೂಡದು, ಮಿಕ್ಕ ಹೊತ್ತಿಗೆ ಸರದಿ. ಸರದಿಯ ನೋಟ್‌ಬುಕ್ ಸೆಕ್ಯುರಿಟಿಯವರ ಮೇಜಿನ ಮೇಲಿದೆ, ದಾರ ಕಟ್ಟಿದ ಪೆನ್ನು ಸಮೇತ.

"ನಿಮ್ಮ ಸರದಿ ಎಷ್ಟು ಗಂಟೆಗೆ ಭಾವ?" ಎಂದು ಕೇಳಿದೆ.

"ರಾತ್ರಿ ಎರಡರಿಂದ ನಾಲ್ಕು. ಅಲಾರಂ ಇಟ್ಟುಕೊಂಡು ಕೆಳಗೆ ಹೋಗುತ್ತಿದ್ದೇನೆ" ಎಂದರು. ಕಾರಿನ ಪರದೆಯಲ್ಲೇ ಹೊತ್ತು ಹೊಂದಿಸಿಟ್ಟು ಮಲಗಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.